ಬೈಕ್ ಜಿಪಿಎಸ್ ತೋರಿಸುವ ಸ್ಪೀಡು: ಯಾವುದನ್ನು ನಂಬಬೇಕು, ಯಾವುದನ್ನು ಕೊಳ್ಳಬೇಕು

ದಾವಣಗೆರೆಯ ಪಿ.ಬಿ. ರಸ್ತೆಯಾಗಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯಾಗಲಿ, ಬೈಕ್ ಆಕ್ಸೆಸರಿ ಕೇಳಿದರೆ ಈಗ ಮೊದಲು ತೋರಿಸುವುದು ಹ್ಯಾಂಡಲ್‌ಗೆ ಕೂರಿಸುವ ನ್ಯಾವಿಗೇಶನ್ ಸ್ಕ್ರೀನ್. ಹಾಕಿಸಿಕೊಂಡವರ ದೂರು ಬಹಳ ಸಲ ದಾರಿಯದ್ದಲ್ಲ, ಸ್ಪೀಡಿನದ್ದು. ಮೀಟರ್ 80 ಅಂದರೆ ಸ್ಕ್ರೀನ್ 74 ಅನ್ನುತ್ತದೆ. ಬ್ರೇಕ್ ಹಿಡಿದು ಗಾಡಿ ನಿಂತರೂ ಸ್ಕ್ರೀನಿನಲ್ಲಿ ಇನ್ನೂ 20 ಕಾಣುತ್ತದೆ. ಸಿಗ್ನಲ್ಲಿನಲ್ಲಿ ಅಲ್ಲಾಡದೆ ನಿಂತ ಗಾಡಿಗೆ 2, 3 ಅಂತ ಸ್ಪೀಡು ಬರುತ್ತಿರುತ್ತದೆ. ಮೂರನ್ನೂ ಸೇರಿಸಿ ‘ಡಿವೈಸೇ ಸರಿ ಇಲ್ಲ’ ಅಂತ ಹೇಳುವುದು ರೂಢಿ. ಆದರೆ ಮೊದಲನೆಯದು ದೋಷವೇ ಅಲ್ಲ. ಮೂರನೆಯದನ್ನು ಲೆಕ್ಕಕ್ಕೆ ಇಡಬೇಕಿಲ್ಲ. ಹಣ ಕೊಡುವ ಮುಂಚೆ ಪರೀಕ್ಷಿಸಬೇಕಾದ್ದು ಎರಡನೆಯದನ್ನು, ಅಂದರೆ ಸ್ಕ್ರೀನು ಎಷ್ಟು ತಡವಾಗಿ ಹೇಳುತ್ತದೆ ಅನ್ನುವುದನ್ನು. ಅಂಗಡಿಯವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ, ಡಬ್ಬದ ಮೇಲೂ ಬರೆದಿರುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವುದನ್ನು ಮೂರು ಬಗೆ ಮಾಡಬಹುದು. ಒಂದು, ಒಳಗೇ ಜಿಪಿಎಸ್ ರಿಸೀವರ್, ಆಂಟೆನಾ, ಮ್ಯಾಪು ಎಲ್ಲ ಇರುವ, ನೀರು ಹೋಗದಂತೆ ಸೀಲ್ ಮಾಡಿದ ಬೈಕ್ ನ್ಯಾವಿಗೇಟರ್. ಗಾರ್ಮಿನ್‌ನ ಜೂಮೋ ಈ ಜಾತಿಯದು, ಬೆಲೆ ದುಬಾರಿ. ಎರಡು, ಐದು ಇಂಚಿನ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ ಸ್ಕ್ರೀನ್. ಇದು ಫೋನಿನಲ್ಲಿ ಓಡುವ ಮ್ಯಾಪನ್ನು ವೈಫೈ ಮೂಲಕ ತಂದು ತೋರಿಸುತ್ತದೆ, ಅಷ್ಟೇ. ಹೆಸರಿಲ್ಲದ ಬ್ರ್ಯಾಂಡುಗಳು ಆನ್‌ಲೈನ್‌ನಲ್ಲಿ ರಾಶಿ ಬಿದ್ದಿರುವುದು ಇದರಲ್ಲೇ. ಮೂರು, ಹೋಲ್ಡರ್‌ಗೆ ಸಿಕ್ಕಿಸಿದ ನಿಮ್ಮದೇ ಫೋನು. ಸ್ಪೀಡಿನ ಮಟ್ಟಿಗೆ ಈ ಮೂರರ ನಡತೆಯೇ ಬೇರೆ ಬೇರೆ. ಬೆಲೆಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಮೊದಲು ಮೀಟರಿನ ವಿಷಯ. ಬೈಕಿನ ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚೇ ತೋರಿಸಬೇಕು ಅಂತಲೇ ಹೊಂದಿಸಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸುವುದಾದರೆ ನಿಜವಾದ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ತನಕ ಮಾಡಲ್ ಪರೀಕ್ಷೆಯಲ್ಲಿ ಅವಕಾಶ ಇದೆ. ಲೆಕ್ಕ ಹಾಕಿ ನೋಡಿ: ಗಾಡಿ ನಿಜವಾಗಿ 60ರಲ್ಲಿದ್ದರೆ ಮೀಟರ್ 70ರವರೆಗೆ, 80ರಲ್ಲಿದ್ದರೆ 92ರವರೆಗೆ ತೋರಿಸಬಹುದು. ಅಷ್ಟು ದೂರ ಯಾರೂ ಹೋಗುವುದಿಲ್ಲ, ಆದರೆ ಶೇ. 5ರಿಂದ 8ರಷ್ಟು ಹೆಚ್ಚು ತೋರಿಸುವುದು ಸರ್ವೇಸಾಮಾನ್ಯ. ಹಾಗಾಗಿ ಮೀಟರ್ 80, ಸ್ಕ್ರೀನ್ 74 ಅಂತ ಬಂದರೆ ಸ್ಕ್ರೀನ್ ಸರಿಯಾಗಿಯೇ ಇದೆ. ಅದನ್ನು ವಾಪಸ್ ಕೊಟ್ಟು ಬೇರೆ ತಂದರೆ ಅದೂ 74ನ್ನೇ ತೋರಿಸುತ್ತದೆ. ಓಡೋಮೀಟರ್‌ಗೆ ಈ ಹೆಚ್ಚುವರಿ ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ಆದ್ದರಿಂದಲೇ ಕಿ.ಮೀ. ತಾಳೆಯಾಗುತ್ತದೆ, ಸ್ಪೀಡು ತಾಳೆಯಾಗುವುದಿಲ್ಲ.

ಟೈರೂ ಇದರಲ್ಲಿ ಕೈ ಹಾಕುತ್ತದೆ. 100/90-19 ಅಳತೆಯ ಮುಂದಿನ ಟೈರಿನ ತ್ರಿಜ್ಯ ಸುಮಾರು 331 ಮಿ.ಮೀ. ಟೈರಿನ ಹೂವು (ಟ್ರೆಡ್) 4 ಮಿ.ಮೀ. ಸವೆದರೆ ಚಕ್ರ ಅಷ್ಟೇ ದೂರಕ್ಕೆ ಶೇ. 1.2ರಷ್ಟು ಹೆಚ್ಚು ಸುತ್ತುತ್ತದೆ, 80ರಲ್ಲಿ ಮೀಟರು ಒಂದು ಕಿ.ಮೀ. ಮೇಲೆ ಹೋಗುತ್ತದೆ. ಹಿಂದಿನ ಟೈರನ್ನು 120/80-18ರಿಂದ 130/80-18ಕ್ಕೆ ಬದಲಾಯಿಸಿದರೆ ವ್ಯಾಸ ಶೇ. 2.5ರಷ್ಟು ದೊಡ್ಡದಾಗುತ್ತದೆ. ಆದರೆ ಮೀಟರಿನ ಸೆನ್ಸರ್ ಮುಂದಿನ ಚಕ್ರದಲ್ಲಿದ್ದರೆ ಇದರಿಂದ ಏನೂ ಆಗುವುದಿಲ್ಲ. ಗೇರ್‌ಬಾಕ್ಸಿನಿಂದ ವೇಗ ಓದುವ ಗಾಡಿಯಲ್ಲಿ ಮುಂದಿನ ಸ್ಪ್ರಾಕೆಟ್ 15 ಹಲ್ಲಿನದು ತೆಗೆದು 16 ಹಾಕಿದರೆ ಮಾತ್ರ ದೊಡ್ಡ ಪೆಟ್ಟು: ಗಾಡಿ ಶೇ. 6.7ರಷ್ಟು ಜೋರಾಗಿ ಓಡುತ್ತಿರುತ್ತದೆ, ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಮೀಟರೂ ಸ್ಕ್ರೀನೂ ಕರಾರುವಾಕ್ಕಾಗಿ ಒಂದೇ ಅಂಕಿ ತೋರಿಸುವ ಗಾಡಿ ಕಂಡರೆ ಮೊದಲು ಸ್ಪ್ರಾಕೆಟ್ ಹಲ್ಲು ಎಣಿಸಿ.

ಇನ್ನು ಜಿಪಿಎಸ್. ‘ಅಮೆರಿಕದವರು ಬೇಕೆಂದೇ ಸಿಗ್ನಲ್ ಕೆಡಿಸುತ್ತಾರೆ’ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಆ ಪದ್ಧತಿಯನ್ನು 2000ದ ಮೇ ತಿಂಗಳಲ್ಲೇ ನಿಲ್ಲಿಸಿದ್ದಾರೆ. ಒಳ್ಳೆಯ ರಿಸೀವರ್ ವೇಗವನ್ನು ‘ಇಲ್ಲಿದ್ದೆ, ಈಗ ಅಲ್ಲಿದ್ದೇನೆ, ಭಾಗಿಸು’ ಅಂತ ಲೆಕ್ಕ ಹಾಕುವುದಿಲ್ಲ. ಗೇಟಿನ ಹತ್ತಿರ ನಿಂತಾಗ ರೈಲು ಹತ್ತಿರ ಬರುವಾಗ ಹಾರ್ನ್ ಏರುಧ್ವನಿಯಲ್ಲಿ, ದಾಟಿ ಹೋದ ಮೇಲೆ ಇಳಿಧ್ವನಿಯಲ್ಲಿ ಕೇಳುತ್ತದಲ್ಲ, ಅದೇ ಡಾಪ್ಲರ್ ಪರಿಣಾಮವನ್ನು ಅದು ಉಪಗ್ರಹದ ಅಲೆಯಲ್ಲಿ ಅಳೆಯುತ್ತದೆ. ಜಿಪಿಎಸ್‌ನ ಎಲ್1 ಅಲೆ 1575.42 ಮೆಗಾಹರ್ಟ್ಸ್, ತರಂಗದುದ್ದ ಸುಮಾರು 19 ಸೆಂ.ಮೀ. ಗಂಟೆಗೆ 80 ಕಿ.ಮೀ. ಓಡುವ ಬೈಕು ಈ ಅಲೆಯನ್ನು ಹೆಚ್ಚೆಂದರೆ 117 ಹರ್ಟ್ಸ್‌ನಷ್ಟು ಬದಲಿಸುತ್ತದೆ. ಆಕಾಶ ತೆರೆದಿದ್ದರೆ ಇದರಿಂದ ಬರುವ ವೇಗದ ತಪ್ಪು ಅರ್ಧ ಕಿ.ಮೀ.ಗಿಂತ ಕಡಿಮೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವಾಗ ಮೀಟರ್‌ಗಿಂತ ಜಿಪಿಎಸ್ ಮಾತೇ ಸತ್ಯ.

ಕೆಲವು ಅಗ್ಗದ ಸಾಧನಗಳ ಸಾಫ್ಟ್‌ವೇರ್ ಮಾತ್ರ ಡಾಪ್ಲರ್ ಬಿಟ್ಟು ಜಾಗದ ವ್ಯತ್ಯಾಸದಿಂದಲೇ ವೇಗ ತೆಗೆಯುತ್ತದೆ. ಸೆಕೆಂಡಿಗೊಮ್ಮೆ ಜಾಗ ಗುರುತಿಸುವಾಗ ಅದು ಎರಡು ಮೀಟರ್ ಆಚೀಚೆ ಆದರೆ ವೇಗದಲ್ಲಿ 7.2 ಕಿ.ಮೀ. ತಪ್ಪು. ಅಂಕಿ ಹೀಗೆ ಕುಣಿಯುವುದು ಕಾಣಬಾರದು ಅಂತ ಅವರು ಮೂರ್ನಾಲ್ಕು ಸೆಕೆಂಡಿನ ಸರಾಸರಿ ತೆಗೆದು ತೋರಿಸುತ್ತಾರೆ. ಕುಣಿತ ನಿಲ್ಲುತ್ತದೆ, ಅದರ ಬದಲಿಗೆ ತಡ ಬರುತ್ತದೆ. ಒಳಗೆ ಲೆಕ್ಕ ಸರಿಯಿದ್ದರೂ ವೇಗದ ಘಟಕ ಕೆಡುವುದುಂಟು: ರಿಸೀವರ್ ಚಿಪ್ ಸಾಮಾನ್ಯವಾಗಿ ವೇಗವನ್ನು ಹಡಗಿನವರ ನಾಟ್ ಲೆಕ್ಕದಲ್ಲಿ ಕೊಡುತ್ತದೆ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಸ್ಕ್ರೀನು ಎಲ್ಲ ವೇಗದಲ್ಲೂ ಸುಮಾರು ಅರ್ಧ ಅಥವಾ ಮುಕ್ಕಾಲಿಗಿಂತ ಕಡಿಮೆ ತೋರಿಸುತ್ತಿದ್ದರೆ ಅದು ಉಪಗ್ರಹದ ತಪ್ಪಲ್ಲ, ಸೆಟ್ಟಿಂಗಿನಲ್ಲಿ ನಾಟ್ ಅಥವಾ ಮೈಲಿ ಉಳಿದಿದೆ.

ಈ ತಡ ಎಷ್ಟು ಅಪಾಯ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ನಿಜವಾದ 80ರಲ್ಲಿ ಓಡುವ ಗಾಡಿಗೆ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಪ್ರತಿ ಸೆಕೆಂಡಿಗೆ 14 ಕಿ.ಮೀ.ಗೂ ಹೆಚ್ಚು ವೇಗ ಇಳಿಯುತ್ತದೆ. ಸ್ಕ್ರೀನು ಎರಡು ಸೆಕೆಂಡು ಹಿಂದಿದ್ದರೆ ಗಾಡಿ 40ಕ್ಕೆ ಬಂದಾಗಲೂ ಅದು 68 ಅನ್ನುತ್ತಿರುತ್ತದೆ. ಇದು ತೊಂದರೆಯಲ್ಲ, ಹೆಚ್ಚೆಂದರೆ ಸವಾರ ಇನ್ನಷ್ಟು ಬ್ರೇಕ್ ಹಿಡಿಯುತ್ತಾನೆ. ತೊಂದರೆ ಇರುವುದು ವೇಗ ಏರುವಾಗ. ಲಾರಿಯನ್ನು ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ತಿರುಗಿಸಿದಾಗ ಸ್ಕ್ರೀನು 70 ಅನ್ನುತ್ತಿರುತ್ತದೆ, ಗಾಡಿ ಆಗಲೇ 80 ದಾಟಿರುತ್ತದೆ. ವೇಗಮಿತಿ ಮೀರಿದ ಬೀಪ್ ಕೂಡ ಅಷ್ಟೇ ತಡವಾಗಿ ಬರುತ್ತದೆ. ವೇಗ ಬದಲಾಗುತ್ತಿರುವ ಹೊತ್ತಿನಲ್ಲಿ ಕಣ್ಣು ಮೀಟರಿನ ಮೇಲೇ ಇರಲಿ, ಸ್ಕ್ರೀನಿನ ಅಂಕಿಗೆ ಆಗ ಬೆಲೆ ಇಲ್ಲ.

ಏರು ರಸ್ತೆ ಕಾರಣ ಅಂತ ಹೇಳುವವರಿದ್ದಾರೆ. ಜಿಪಿಎಸ್ ಸಮತಟ್ಟಿನ ವೇಗ ಮಾತ್ರ ಲೆಕ್ಕ ಹಾಕುತ್ತದೆ, ಹಾಗಾಗಿ ಜೋಗಿಮಟ್ಟಿ ಹತ್ತುವಾಗ ಕಡಿಮೆ ತೋರಿಸುತ್ತದೆ ಎಂಬ ವಾದ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡಿದಾದ ದಾರಿಯಲ್ಲೂ ಈ ವ್ಯತ್ಯಾಸ ಶೇ. 0.5. ಗಂಟೆಗೆ 40 ಕಿ.ಮೀ. ವೇಗದಲ್ಲಿ 0.2 ಕಿ.ಮೀ. ಸ್ಕ್ರೀನಿನಲ್ಲಿ ಕಾಣುವಷ್ಟೂ ಅಲ್ಲ. ಅಲ್ಲಿ ಅಂಕಿ ಕೆಡುವುದು ತಿರುವು ಮತ್ತು ಮರದ ನೆರಳಿನಿಂದ. ತಿರುವಿನಲ್ಲಿ ಗಾಡಿ ವಾಲಿದಾಗ ಆಂಟೆನಾ ಆಕಾಶದ ಒಂದು ಬದಿಯನ್ನು ಕಳೆದುಕೊಳ್ಳುತ್ತದೆ, ಸಾಫ್ಟ್‌ವೇರು ಮಾತ್ರ ಗಾಡಿ ನೇರಕ್ಕೇ ಹೋಗುತ್ತಿದೆ ಅಂತ ಊಹಿಸುತ್ತಿರುತ್ತದೆ. ಮೀಟರಿನದು ಇದರ ಉಲ್ಟಾ: ವಾಲಿದ ಟೈರು ಅಂಚಿನ ಮೇಲೆ ಸಣ್ಣ ಸುತ್ತಿನಲ್ಲಿ ಉರುಳುವುದರಿಂದ ಅದು ಇನ್ನೂ ಹೆಚ್ಚು ತೋರಿಸುತ್ತದೆ. ಎರಡರ ಅಂತರ ತಿರುವಿನಲ್ಲಿ ದಿಢೀರ್ ದೊಡ್ಡದಾಗುವುದು ಹೀಗೆ.

ಚಿತ್ರದುರ್ಗದ ಸುತ್ತ ಗಾಳಿಯಂತ್ರಗಳ ಮೇಲೂ ಆರೋಪ ಇದೆ. ಅವುಗಳಿಗೂ ಇದಕ್ಕೂ ಸಂಬಂಧ ಇಲ್ಲ. ಸಿಗ್ನಲ್ ಬರುವುದು ನೆತ್ತಿಯ ಮೇಲಿಂದ, ರಸ್ತೆಯಿಂದ ದೂರದ ಗುಡ್ಡದ ಮೇಲಿನ ರೆಕ್ಕೆ ಅದನ್ನು ಮುಚ್ಚುವುದಿಲ್ಲ. ನಿಜವಾಗಿ ಕೆಡುವ ಜಾಗಗಳು ಬೇರೆ. ಕೋಟೆ ಮತ್ತು ಚಂದ್ರವಳ್ಳಿ ಕಡೆ ಬಂಡೆಗಳ ನಡುವೆ ನುಗ್ಗುವ ದಾರಿ: ಅಲೆ ಬಂಡೆಗೆ ಬಡಿದು ಸುತ್ತಿ ಬರುವುದರಿಂದ ನಿಧಾನಕ್ಕೆ ಹೋಗುವಾಗ ಅಂಕಿ ಹಾರುತ್ತದೆ. ದಾವಣಗೆರೆಯ ಮಂಡಿಪೇಟೆಯಂಥ ಇಕ್ಕಟ್ಟಾದ ಬೀದಿ. ಹೆದ್ದಾರಿ 48ರ ಕೆಳಗಿನ ಅಂಡರ್‌ಪಾಸ್: ಒಳಗೆ ಹೋದ ಮೇಲೆ ಸಿಗ್ನಲ್ ಇಲ್ಲದೆ ಸ್ಕ್ರೀನು ಹಳೆಯ ವೇಗವನ್ನೇ ಹಿಡಿದುಕೊಂಡು ಕೂರುತ್ತದೆ, ಆಚೆ ಬಂದ ಮೇಲೆ ಒಮ್ಮೆಲೇ ಜಿಗಿಯುತ್ತದೆ. ಇವೆಲ್ಲ ಕೆಲವೇ ಸೆಕೆಂಡಿನ ಮಾತು. ಭರಮಸಾಗರದಿಂದ ಆನಗೋಡಿನ ಕಡೆಗೆ ಹೋಗುವ ಬಯಲಿನಲ್ಲಿ ಅಂಕಿ ಕುಣಿಯುತ್ತಿದ್ದರೆ ಮಾತ್ರ ಡಿವೈಸಿನಲ್ಲೋ ಫಿಟ್ಟಿಂಗಿನಲ್ಲೋ ತಪ್ಪಿದೆ ಅಂತ ತಿಳಿಯಬೇಕು.

ಫಿಟ್ಟಿಂಗಿನ ತಪ್ಪುಗಳಲ್ಲಿ ಅತಿ ಹೆಚ್ಚು ಕಾಣುವುದು ಎರಡನೇ ಬಗೆಯ ಸ್ಕ್ರೀನಿನಲ್ಲಿ. ಹ್ಯಾಂಡಲ್ ಮೇಲೆ ಐದು ಇಂಚಿನ ಸ್ಕ್ರೀನ್ ಬಿಸಿಲಿಗೆ ಹೊಳೆಯುತ್ತಿರುತ್ತದೆ, ಜಿಪಿಎಸ್ ಕೆಲಸ ಮಾಡುತ್ತಿರುವ ಫೋನು ಪ್ಯಾಂಟಿನ ಜೇಬಿನಲ್ಲಿ, ತೊಡೆಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಮನುಷ್ಯನ ಮೈಯಲ್ಲಿರುವ ನೀರು ಈ ಅಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಟ್ಯಾಂಕಿನ ತಗಡು ಉಳಿದದ್ದನ್ನು ಮುಚ್ಚುತ್ತದೆ. ಫೋನು ಅರ್ಧ ಕುರುಡಾಗಿ ಲೆಕ್ಕ ಹಾಕಿದ ವೇಗ ಮ್ಯಾಪ್ ಆ್ಯಪಿಗೆ ಹೋಗಿ, ಅಲ್ಲಿಂದ ವೈಫೈಯಲ್ಲಿ ಸ್ಕ್ರೀನಿಗೆ ಬರುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟು ತಡ ಸೇರುತ್ತದೆ. ಇದೇ ಸ್ಕ್ರೀನು, ಇದೇ ಫೋನು ಇಟ್ಟುಕೊಂಡು ಫೋನನ್ನು ಜಾಕೆಟ್ಟಿನ ಎದೆಯ ಜೇಬಿಗೋ ಟ್ಯಾಂಕ್ ಬ್ಯಾಗಿನ ಮೇಲಿನ ಪ್ಲಾಸ್ಟಿಕ್ ಕಿಸೆಗೋ ಬದಲಾಯಿಸಿದರೆ ಅರ್ಧ ರೋಗ ವಾಸಿ. ಸೀಟಿನ ಅಡಿಯಲ್ಲಿ ಮಾತ್ರ ಇಡಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಮ್ಯಾಪ್ ಆ್ಯಪಿಗೆ ‘ನಿಖರ ಸ್ಥಳ’ದ ಅನುಮತಿ ಕೊಟ್ಟಿರಬೇಕು, ಬ್ಯಾಟರಿ ಸೇವರ್ ಆಫ್ ಆಗಿರಬೇಕು, ಆ್ಯಪಿನ ಬ್ಯಾಟರಿ ಬಳಕೆಗೆ ನಿರ್ಬಂಧ ಇರಬಾರದು. ಬ್ಯಾಟರಿ ಉಳಿಸಲು ಹೊರಟ ಫೋನು ಜಿಪಿಎಸ್ಸನ್ನೂ ಕತ್ತರಿಸಬಹುದು.

ಫೋನನ್ನೇ ಹ್ಯಾಂಡಲ್‌ಗೆ ಕಟ್ಟಿದರೆ ಈ ತಡ ಇರುವುದಿಲ್ಲ, ಸ್ಪೀಡಿನ ನಿಖರತೆಯೂ ಚೆನ್ನಾಗಿರುತ್ತದೆ. ಎಲ್1 ಜೊತೆ ಉಪಗ್ರಹದ ಎಲ್5 ಅನ್ನುವ ಇನ್ನೊಂದು ಅಲೆಯನ್ನೂ ಹಿಡಿಯುವ ಫೋನಾದರೆ ಪೇಟೆ ಬೀದಿಯಲ್ಲೂ ಕಡಿಮೆ ಎಡವುತ್ತದೆ. ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಐಫೋನಿಗೆ ಆಪಲ್ ಹೇಳುವ ಬಳಕೆಯ ಉಷ್ಣಾಂಶ 35 ಡಿಗ್ರಿವರೆಗೆ. ಏಪ್ರಿಲ್ ಮಧ್ಯಾಹ್ನದ ಹಿರಿಯೂರು ರಸ್ತೆಯಲ್ಲಿ ನೆರಳಿನಲ್ಲೇ ಅದಕ್ಕಿಂತ ಹೆಚ್ಚಿರುತ್ತದೆ. ಸ್ಕ್ರೀನ್ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ, ಕೊನೆಗೆ ಫೋನು ತಣ್ಣಗಾಗುವವರೆಗೆ ಕೈ ಎತ್ತುತ್ತದೆ. ಇಂಜಿನ್ನಿನ ಕಂಪನದಿಂದ ಕ್ಯಾಮೆರಾ ಕೆಡಬಹುದು ಅಂತ ಅದೇ ಕಂಪನಿ 2021ರಲ್ಲಿ ಎಚ್ಚರಿಸಿದೆ. ಕಂಪನ ತಡೆಯುವ ರಬ್ಬರ್ ಇರುವ ಹೋಲ್ಡರ್ ಬೇಕೇ ಬೇಕು.

ಚಾರ್ಜರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಅನುಮಾನಿಸುವುದಿಲ್ಲ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಅಗ್ಗದ ಯುಎಸ್‌ಬಿ ಸಾಕೆಟ್‌ಗಳು, ಕಳಪೆ ಎಲ್‌ಇಡಿ ದೀಪದ ಡ್ರೈವರ್‌ಗಳು, ಡ್ಯಾಶ್‌ಕ್ಯಾಮ್‌ಗಳು ರೇಡಿಯೋ ಗದ್ದಲ ಹೊರಡಿಸುತ್ತವೆ. ಉಪಗ್ರಹದಿಂದ ಬರುವ ಸಿಗ್ನಲ್ 20,200 ಕಿ.ಮೀ. ದಾಟಿ ಬಂದಿರುತ್ತದೆ. ಒಂದು ಗೇಣು ದೂರದಲ್ಲಿ ಗದ್ದಲ ಎಬ್ಬಿಸಿದರೆ ಅದು ಕೇಳಿಸುವುದಿಲ್ಲ. ಪತ್ತೆ ಮಾಡುವುದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ಆ್ಯಪ್ ಹಾಕಿ, ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಹೋಲ್ಡರಿನಲ್ಲೇ ಇಟ್ಟು ನೋಡಿ. ಉಪಗ್ರಹಗಳ ಪಟ್ಟಿಯಲ್ಲಿ ಸಿಗ್ನಲ್ ಬಲ ಡೆಸಿಬೆಲ್ ಲೆಕ್ಕದಲ್ಲಿ ಬರುತ್ತದೆ. ಬಲವಾದ ನಾಲ್ಕರದ್ದು 40ರ ಆಸುಪಾಸು ಇದ್ದರೆ ಚೆನ್ನಾಗಿದೆ. ಈಗ ಇಂಜಿನ್ ಚಾಲೂ ಮಾಡಿ, ಚಾರ್ಜರ್ ಚುಚ್ಚಿ, ಹೆಚ್ಚುವರಿ ದೀಪ ಹಾಕಿ, ಒಂದೊಂದಕ್ಕೂ ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಯಾವುದನ್ನು ಹಾಕಿದಾಗ 3 ಡೆಸಿಬೆಲ್ ಅಥವಾ ಹೆಚ್ಚು ಇಳಿಯಿತೋ ಅದೇ ಕಳ್ಳ. ಚಾರ್ಜರನ್ನು ಹ್ಯಾಂಡಲಿನಿಂದ ತೆಗೆದು ಸೀಟಿನ ಕೆಳಗೆ ಸರಿಸಿ, ಅಲ್ಲಿಂದ ಕೇಬಲ್ ಮಾತ್ರ ಮುಂದೆ ತಂದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ವೈರಿಂಗ್ ಮಾಡಿಸುವಾಗ ಕರೆಂಟನ್ನು ಹೆಡ್‌ಲೈಟ್ ವೈರಿನಿಂದ ಕದಿಯಲು ಬಿಡಬೇಡಿ. ಬ್ಯಾಟರಿಯಿಂದ ನೇರ, ಹತ್ತಿರದಲ್ಲೇ 3 ಆಂಪ್ ಫ್ಯೂಸ್, ಇಗ್ನಿಶನ್‌ಗೆ ಜೋಡಿಸಿದ ರಿಲೇ. ಸೆಲ್ಫ್ ಒತ್ತಿದಾಗ ವೋಲ್ಟೇಜ್ ಕುಸಿದು ಸ್ಕ್ರೀನ್ ಆಫ್ ಆಗಿ ಮತ್ತೆ ಆನ್ ಆದರೆ ಉಪಗ್ರಹ ಹುಡುಕುವ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಇಂಟರ್ನೆಟ್ ನೆರವಿಲ್ಲದ ಡಿವೈಸು ಒಂದು ಉಪಗ್ರಹದ ಕಕ್ಷೆಯ ವಿವರ ಪೂರ್ತಿ ಪಡೆಯಲು 18ರಿಂದ 30 ಸೆಕೆಂಡು ಅಡ್ಡಿಯಿಲ್ಲದ ಸಿಗ್ನಲ್ ಬೇಕು. ಓಡುತ್ತಿರುವ ಗಾಡಿಯಲ್ಲಿ ಮರ, ಲಾರಿ ಅಡ್ಡ ಬಂದರೆ ಅದು ನಿಮಿಷಗಟ್ಟಲೆ ಎಳೆಯುತ್ತದೆ. ಇಂಜಿನ್ ಚಾಲೂ ಮಾಡಿದ ಮೇಲೆ ಡಿವೈಸ್ ಹಾಕಿ, ಹೆಲ್ಮೆಟ್ ಕಟ್ಟಿಕೊಳ್ಳುವಷ್ಟು ಹೊತ್ತು ಬಯಲಿನಲ್ಲಿ ನಿಲ್ಲಿಸಿ ಹೊರಡಿ.

ಈಗ ಪರೀಕ್ಷೆ. ಎರಡು ಬೇಕು, ಒಂದು ನಿಖರತೆಗೆ, ಇನ್ನೊಂದು ತಡಕ್ಕೆ. ಎರಡಕ್ಕೂ ಹಿಂದೆ ಒಬ್ಬರು ಕೂತಿರಬೇಕು, ಸವಾರ ಸ್ಟಾಪ್‌ವಾಚ್ ಮುಟ್ಟಬಾರದು. ನಿಖರತೆಗೆ ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಕಿ.ಮೀ. ಕಲ್ಲುಗಳೇ ಸಾಕು. ಟೋಲ್ ಗೇಟು ನಡುವೆ ಬಾರದಂತೆ ಐದು ಕಿ.ಮೀ. ಆರಿಸಿ, ಬೆಳಗಿನ ಜಾವ ಎಡ ಲೇನಿನಲ್ಲಿ ಸ್ಕ್ರೀನು 60 ತೋರಿಸುವಂತೆ ಹಿಡಿದುಕೊಂಡು ಹೋಗಿ. ಒಂದು ಕಲ್ಲಿನ ಪಕ್ಕ ಹಾಯುವಾಗ ಹಿಂದೆ ಕೂತವರು ಸ್ಟಾಪ್‌ವಾಚ್ ಒತ್ತಲಿ, ಆ ಕಲ್ಲನ್ನು ಬಿಟ್ಟು ಮುಂದಿನ ಐದನೇ ಕಲ್ಲಿನಲ್ಲಿ ಅದನ್ನು ನಿಲ್ಲಿಸಲಿ. 18,000ವನ್ನು ಬಂದ ಸೆಕೆಂಡಿನಿಂದ ಭಾಗಿಸಿದರೆ ನಿಜವಾದ ಸರಾಸರಿ ವೇಗ. ಸರಿಯಾಗಿ 60 ಆದರೆ 300 ಸೆಕೆಂಡು ಬರಬೇಕು, 297ರಿಂದ 303ರೊಳಗೆ ಬಂದರೆ ಸ್ಕ್ರೀನಿನ ತಪ್ಪು ಶೇ. 1ರೊಳಗೆ. ಒಂದೇ ಕಿ.ಮೀ.ಯಲ್ಲಿ ಅಳೆಯಬೇಡಿ, ಕಲ್ಲು ಕೆಲವು ಕಡೆ ಹತ್ತಿಪ್ಪತ್ತು ಮೀಟರ್ ಆಚೀಚೆ ಹೂತಿರುತ್ತದೆ. ಅದೇ ಓಟದಲ್ಲಿ ಮೀಟರ್ ಏನು ತೋರಿಸುತ್ತಿತ್ತು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಮೀಟರಿನ ಹೆಚ್ಚುವರಿ ಎಷ್ಟು ಅಂತ ಖಾಯಂ ಗೊತ್ತಾಗಿಬಿಡುತ್ತದೆ.

ತಡ ಅಳೆಯಲು ಖಾಲಿ ರಸ್ತೆ ಬೇಕು, ಹೆದ್ದಾರಿ ಬೇಡ. ಹಿಂದೆ ಕೂತವರು ಇನ್ನೊಂದು ಫೋನಿನಲ್ಲಿ ಮೀಟರು, ಸ್ಕ್ರೀನು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ಹಿಡಿಯಲಿ. 60ರಲ್ಲಿ ಹತ್ತು ಸೆಕೆಂಡು ಹದವಾಗಿ ಹೋಗಿ, ನಂತರ ಮೃದುವಾಗಿ ಬ್ರೇಕ್ ಹಿಡಿದು 25ಕ್ಕೆ ಇಳಿಸಿ. ಮನೆಗೆ ಬಂದು ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ. ಸ್ಕ್ರೀನು 40 ದಾಟಿದ ಫ್ರೇಮ್ ಯಾವುದು, ಮೀಟರು ಅದಕ್ಕೆ ಸಮನಾದ ಅಂಕಿ ದಾಟಿದ್ದು ಯಾವುದು, ನೋಡಿ. ಮೀಟರು ಶೇ. 7 ಹೆಚ್ಚು ತೋರಿಸುವ ಗಾಡಿಯಾದರೆ 43ನ್ನು ಹುಡುಕಬೇಕು. ನಡುವಿನ ಫ್ರೇಮುಗಳನ್ನು 30ರಿಂದ ಭಾಗಿಸಿದರೆ ತಡ ಸೆಕೆಂಡಿನಲ್ಲಿ ಸಿಗುತ್ತದೆ. 30 ಫ್ರೇಮ್ ಒಳಗಿದ್ದರೆ ಒಳ್ಳೆಯ ಡಿವೈಸ್. 60ರವರೆಗೆ ಒಪ್ಪಬಹುದು. 90 ದಾಟಿದರೆ, ಫೋನಿನ ಜಾಗ ಬದಲಾಯಿಸಿದ ಮೇಲೂ ದಾಟುತ್ತಿದ್ದರೆ, ವಾಪಸ್ ಮಾಡಿ. ವಾಪಸಾತಿ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಆಗಬೇಕು.

ಸ್ಕ್ರೀನಿನ ಮೂಲೆಯಲ್ಲಿ ಬರುವ ವೇಗಮಿತಿ ಅಳತೆಯಲ್ಲ, ಮ್ಯಾಪಿನಲ್ಲಿ ಯಾರೋ ತುಂಬಿದ ಅಂಕಿ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗುವಾಗ ಮ್ಯಾಪು ನಿಮ್ಮನ್ನು ಮುಖ್ಯ ರಸ್ತೆಗೇ ಎಳೆದು ಅಂಟಿಸಿ 80 ತೋರಿಸುವುದು ಇಲ್ಲಿ ಮಾಮೂಲು. 2018ರ ಕೇಂದ್ರದ ಅಧಿಸೂಚನೆಯಂತೆ ಬೈಕಿಗೆ ಡಿವೈಡರ್ ಇರುವ ಚತುಷ್ಪಥದಲ್ಲಿ ಗರಿಷ್ಠ 80, ಊರೊಳಗೆ 60. ಅದಕ್ಕಿಂತ ಕಡಿಮೆ ಮಿತಿಯ ಬೋರ್ಡು ಹಾಕಿದ್ದರೆ ಆ ಬೋರ್ಡೇ ಅಂತಿಮ. ಬೀಪ್ ಅನ್ನು ಹೆದ್ದಾರಿಗೆ 75ಕ್ಕೆ ಇಟ್ಟುಕೊಳ್ಳಿ, ತಡಕ್ಕೆ ಅಷ್ಟು ಜಾಗ ಬೇಕು.

ಕೊಳ್ಳುವ ಮಾತು. ತಿಂಗಳಿಗೆ ಹಲವು ಸಲ ದೂರ ಹೋಗುವವರು, ಬಿಸಿಲು ಮಳೆ ನೋಡದೆ ಓಡಾಡುವವರು ಮೊದಲ ಬಗೆಯ ಸೀಲ್ ಮಾಡಿದ ನ್ಯಾವಿಗೇಟರಿಗೇ ಹಣ ಹಾಕಲಿ. ಸ್ಪೀಡಿನ ನಿಖರತೆ ಅದರಲ್ಲಿ ಪ್ರಶ್ನೆಯೇ ಅಲ್ಲ. ದಿನಾ ದಾವಣಗೆರೆ–ಹರಿಹರ ಓಡಾಡುವವರಿಗೆ ಅಷ್ಟು ಖರ್ಚು ದಂಡ, ಒಳ್ಳೆಯ ಹೋಲ್ಡರಿನಲ್ಲಿ ಹಳೆಯ ಫೋನೊಂದು ಸಾಕು. ಐದು ಇಂಚಿನ ಕಾರ್‌ಪ್ಲೇ ಸ್ಕ್ರೀನು ದಾರಿ ನೋಡಲು, ಕರೆ ತೆಗೆದುಕೊಳ್ಳಲು ಚೆನ್ನ. ಆದರೆ ಸ್ಪೀಡಿಗಾಗಿ ಅದನ್ನು ತರುವುದಕ್ಕೆ ನನ್ನ ಸಮ್ಮತಿ ಇಲ್ಲ, ಒಳಗೆ ಸ್ವಂತ ಜಿಪಿಎಸ್ ಇದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಯೋಚಿಸಬಹುದು. ಅಂಗಡಿಯಲ್ಲಿ ಇದನ್ನು ಕಂಡುಹಿಡಿಯಲು ಫೋನ್ ಜೋಡಿಸದೆ ಸ್ಕ್ರೀನ್ ಆನ್ ಮಾಡಿಸಿ, ಹೊರಗೆ ಬಯಲಿಗೆ ತನ್ನಿ. ಉಪಗ್ರಹಗಳ ಸಂಖ್ಯೆಯನ್ನೋ ವೇಗವನ್ನೋ ತೋರಿಸದಿದ್ದರೆ ಒಳಗೆ ರಿಸೀವರ್ ಇಲ್ಲ ಅಂತಲೇ ತಿಳಿಯಿರಿ. ಭಾರತದ ನಾವಿಕ್ ಉಪಗ್ರಹಗಳ ಸಿಗ್ನಲ್ಲನ್ನೂ ಹಿಡಿಯುತ್ತದೆ ಅನ್ನುವುದನ್ನು ದೊಡ್ಡದಾಗಿ ಹೇಳಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ನಮ್ಮದೇ ವ್ಯವಸ್ಥೆ ಅನ್ನುವ ಹೆಮ್ಮೆ ಸರಿ, ಆದರೆ ತೆರೆದ ಹೆದ್ದಾರಿಯಲ್ಲಿ ಜಿಪಿಎಸ್ ಉಪಗ್ರಹಗಳೇ ಬೇಕಾದಷ್ಟು ಕಾಣುತ್ತವೆ, ಸ್ಪೀಡಿನ ಅಂಕಿ ಅದರಿಂದ ಬದಲಾಗುವುದಿಲ್ಲ.

ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ, ಪ್ರೆಶರ್ ಪಂಪಿನ ನೀರನ್ನು ತಡೆಯುತ್ತದೆ ಅಂತಲ್ಲ. ಡಿವೈಸ್ ಕೂರಿಸುವ ತೊಟ್ಟಿಲಿನ ಪಿನ್ನುಗಳಿಗೆ ನೀರು ಕೂತು ಹಸಿರು ಹಿಡಿದರೆ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ರಸ್ತೆಯ ಪ್ರತಿ ಉಬ್ಬಿಗೂ ಡಿವೈಸ್ ರೀಸ್ಟಾರ್ಟ್ ಆಗಿ ಸ್ಪೀಡು ಸೊನ್ನೆಗೆ ಬೀಳುತ್ತದೆ. ವಾಟರ್ ಸರ್ವಿಸ್‌ಗೆ ಬಿಡುವ ಮುಂಚೆ ಡಿವೈಸನ್ನು ಕಳಚಿಕೊಳ್ಳಿ, ತೊಟ್ಟಿಲಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಹಸಿರು ಆಗಲೇ ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೆಯ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಒಣಗಿದ ಮೇಲೆ ಕೂರಿಸಿ.